‘ಈಗ’, ‘ಬಿಲು’, ‘ಮಲಗು’: ಕರೆಂಟ್ ಲೆಕ್ಕದ ಡಬ್ಬಿಗೆ ಬರೆದ ಕನ್ನಡ ಕಮಾಂಡುಗಳು

ಕಾರವಾರದಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ಗೆಳೆಯನೊಬ್ಬ ಇದ್ದಾನೆ. ಮನೆಯ ಕರೆಂಟ್ ಅಳೆಯುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಟರ್ಮಿನಲ್‌ಗೆ, ಅಂದರೆ ಕಮಾಂಡ್ ಒತ್ತುವ ಪರದೆಗೆ, ಕನ್ನಡದಲ್ಲಿ ಕಮಾಂಡ್ ಬರೆಯುತ್ತೇನೆ ಅಂದಾಗ ಅವನು ನಕ್ಕಿದ್ದ. “ಟರ್ಮಿನಲ್‌ನಲ್ಲಿ ಕನ್ನಡವಾ? ಒಂದು ಮಳೆಗಾಲ ದಾಟೂದಿಲ್ಲ ಮಾರಾಯಾ” ಅಂದಿದ್ದ. ಎರಡು ಮಳೆಗಾಲ ದಾಟಿತು, ಅದೂ ಶಿರಸಿಯ ಮಳೆಗಾಲ. ಈಗ ಎಪ್ಪತ್ತು ದಾಟಿದ ಅಪ್ಪಯ್ಯ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ‘ಬಿಲು’ ಅಂತ ಒತ್ತುತ್ತಾನೆ. ಆಮೇಲೆ ಒಳಗೆ ಕೂಗಿ, ಗ್ರೈಂಡರ್ ಇವತ್ತು ಬೇಡ ಅನ್ನುತ್ತಾನೆ. ಅದಕ್ಕೇ ಇದನ್ನು ಬರೆಯಲು ಕೂತೆ.

ಪೈ, ದೂರದಿಂದ ಅದರೊಳಗೆ ಹೋಗುವ ಎಸ್‌ಎಸ್‌ಎಚ್, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್, ಇವನ್ನು ಹಾಕುವುದು ಹೇಗೆ ಅಂತ ಹೇಳುವುದನ್ನು ಬಿಡುತ್ತೇನೆ. ನನ್ನದು ಹಳೆಯ ಪೈ 3, ಸೆಕೆಂಡ್ ಹ್ಯಾಂಡ್. ಅದಕ್ಕೆ ಕರೆಂಟ್ ಅಳೆಯುವ ಮೂರು ಪಿಝೆಮ್ 004ಟಿ ಮಾಡ್ಯೂಲ್. ಒಂದು ಮೇನ್ ಲೈನಿಗೆ, ಒಂದು ಬಾವಿ ಪಂಪಿಗೆ, ಒಂದು ಅಡಿಕೆ ಸುಲಿಯುವ ಯಂತ್ರಕ್ಕೆ. ತೋಟದ ಪಂಪ್‌ಸೆಟ್ಟಿನ ಮೀಟರ್ ಬೇರೆ, ಅದರ ಬಿಲ್ ನಾವು ಕಟ್ಟುವುದಿಲ್ಲ. ಹಾಗಾಗಿ ಅದನ್ನು ಮುಟ್ಟಲಿಲ್ಲ.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂದರೆ ಗೃಹಜ್ಯೋತಿ. 2023ರಲ್ಲಿ ಅದು ಬಂದಾಗ ಮನೆಯಲ್ಲಿ ಎಲ್ಲರಿಗೂ ಖುಷಿ. 2022-23ರ ಸರಾಸರಿಗೆ ಹತ್ತು ಪರ್ಸೆಂಟ್ ಸೇರಿಸಿ ನಮ್ಮ ಮನೆಗೆ ಪುಕ್ಕಟೆ ಬಂದದ್ದು ತಿಂಗಳಿಗೆ 165 ಯೂನಿಟ್ಟಿನ ಆಸುಪಾಸು. ಅದರ ಮೇಲೆ ಬಳಸಿದರೆ ಮೇಲಿನದ್ದಕ್ಕೆ ಮಾತ್ರ ದುಡ್ಡು. ಆದರೆ 200 ದಾಟಿದರೆ ಪೂರ್ತಿ ಬಿಲ್ಲು. ಅಡಿಕೆ ಕೊಯ್ಲಿನ ಎರಡು ತಿಂಗಳು ನಾವು 210, 215ಕ್ಕೆ ಹೋಗಿ ಬಿದ್ದೆವು. ಸಾವಿರದ ಏಳುನೂರರ ಹತ್ತಿರ ಎರಡು ಸಲ ಕಟ್ಟಿದೆ. ಹದಿನೈದು ಯೂನಿಟ್ಟಿಗೆ ಅಷ್ಟು! ಮೀಟರ್ ಓದಲು ಬರುವವರೆಗೆ ಎಷ್ಟಾಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ ಅಲ್ವಾ.

ಮೊದಲು ನಾನೂ ಎಲ್ಲರ ಹಾಗೇ ದೊಡ್ಡ ಡೇಟಾಬೇಸು, ಬಣ್ಣಬಣ್ಣದ ಡ್ಯಾಶ್‌ಬೋರ್ಡು ಹಾಕಿದೆ. ಚೆನ್ನಾಗಿಯೇ ಕಾಣುತ್ತಿತ್ತು. ಒಂದು ಜಿಬಿ ರ‍್ಯಾಮ್ ಸಾಕಾಗದೆ ಸ್ವಾಪ್‌ಗೆ ಬಿದ್ದು, ಅಂದರೆ ಮೆಮೊರಿ ಕಾರ್ಡನ್ನೇ ರ‍್ಯಾಮ್ ಮಾಡಿಕೊಂಡು, ಅದರ ಮೇಲೆ ಹಗಲೂರಾತ್ರಿ ಬರೆಯುತ್ತಾ ಕೂತಿತು. ಅದರ ಜೊತೆಗೆ ನಮ್ಮ ಕರೆಂಟು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ, ಅದೂ ನಮ್ಮ ಜಿಲ್ಲೆಯಲ್ಲೇ. ಆದರೆ ತಂತಿ ಬರುವುದು ಕಾಡಿನೊಳಗೆ. ಜೂನ್‌ನಲ್ಲಿ ಒಂದು ಮತ್ತಿ ಮರದ ಟೊಂಗೆ ಬಿದ್ದರೆ ಮುಗಿಯಿತು. ದಿನಕ್ಕೆ ಏಳೆಂಟು ಸಲ ಹೋಗಿ ಬಂದು ಮಾಡುತ್ತದೆ. ಐದು ತಿಂಗಳಲ್ಲಿ ಮೂರು ಕಾರ್ಡ್ ಸತ್ತವು, ಒಂದೊಂದಕ್ಕೆ ನಾನೂರೈವತ್ತು ರೂಪಾಯಿ. ಮೂರನೆಯದು ಹೋದ ದಿನ ಹೆಂಡತಿ ಸುಮ್ನೆ ಒಂದು ಮಾತು ಕೇಳಿದಳು: “ಉಳಿಸಿದ್ದು ಎಷ್ಟು ಆತು?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಡ್ಯಾಶ್‌ಬೋರ್ಡ್ ಕಿತ್ತು ಹಾಕಿದೆ. ಹತ್ತು ಸೆಕೆಂಡಿಗೆ ಒಂದು ಸಾಲು, ಸಾದಾ ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಬರೆದ ಅಕ್ಷರದ ಫೈಲು. ದಿನಕ್ಕೆ 8,640 ಸಾಲು, ಮುನ್ನೂರು ನಾನೂರು ಕೆಬಿ. ಅದನ್ನು ಓದಲು ಸಾಲುಗಳನ್ನು ಸೋಸಿ ಲೆಕ್ಕ ಮಾಡುವ ಆಕ್ ಕಮಾಂಡ್ ಸಾಕು, ಬೇರೇನೂ ಬೇಡ. ಬರೆದದ್ದು ಕಾರ್ಡಿಗೆ ಹೋಗದೆ ರ‍್ಯಾಮ್‌ನಲ್ಲೇ ನಿಲ್ಲುವ ಓವರ್‌ಲೇ ಹಾಕಿ ಕಾರ್ಡನ್ನು ಓದಲು ಮಾತ್ರ ಅನ್ನುವ ಹಾಗೆ ಮಾಡಿದೆ. ಸಾಲುಗಳು ರ‍್ಯಾಮ್‌ನಲ್ಲಿ ಸೇರುತ್ತವೆ, ಕಾಲು ಗಂಟೆಗೊಮ್ಮೆ ‘ಬರೆ’ ಅನ್ನುವ ಸ್ಕ್ರಿಪ್ಟ್ ಅವನ್ನು ಪೆನ್‌ಡ್ರೈವ್‌ಗೆ ಹಾಕುತ್ತದೆ. ಕರೆಂಟ್ ಹೋದರೆ ಹೋಗುವುದು ಹೆಚ್ಚೆಂದರೆ ಕಾಲು ಗಂಟೆಯ ಲೆಕ್ಕ. ಅಲ್ಲಿಂದ ಇಲ್ಲಿಯವರೆಗೆ ಅದೇ ಕಾರ್ಡ್.

ಓವರ್‌ಲೇ ಹಾಕಿದವರು ಒಮ್ಮೆಯಾದರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಒಂದು ಸಂಜೆಯಿಡೀ ಕೂತು ಸ್ಕ್ರಿಪ್ಟ್ ತಿದ್ದಿದೆ. ಬೆಳಿಗ್ಗೆ ಕರೆಂಟ್ ಹೋಗಿ ಬಂತು. ತಿದ್ದಿದ್ದೆಲ್ಲ ಮಾಯ. ಓವರ್‌ಲೇ ತೆಗೆಯದೇ ಬರೆದಿದ್ದೆ, ಎಲ್ಲ ರ‍್ಯಾಮ್‌ನಲ್ಲಿತ್ತು. ಈಗ ಸ್ಕ್ರಿಪ್ಟುಗಳೂ ಪೆನ್‌ಡ್ರೈವ್‌ನಲ್ಲೇ ಇವೆ. ಅದರ ಫಾರ್ಮ್ಯಾಟ್ ಇಎಕ್ಸ್‌ಟಿ4 ಆಗಿರಬೇಕು, ಫ್ಯಾಟ್ ಇಟ್ಟುಕೊಂಡರೆ ಸಿಮ್‌ಲಿಂಕ್ (ಒಂದೇ ಫೈಲಿಗೆ ದಾರಿ ತೋರುವ ಇನ್ನೊಂದು ಹೆಸರು) ಆಗುವುದಿಲ್ಲ. ಸಿಮ್‌ಲಿಂಕ್ ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಪೆನ್‌ಡ್ರೈವ್‌ದೂ ಒಂದು ಕತೆ ಇದೆ. ಒಂದು ಸಲ ಅದು ಮೌಂಟ್ ಆಗಲೇ ಇಲ್ಲ, ಅಂದರೆ ಪೈಗೆ ಸೇರಿಕೊಳ್ಳಲೇ ಇಲ್ಲ. ‘ಬರೆ’ ಪಾಪ, ಖಾಲಿ ಫೋಲ್ಡರಿಗೇ ಹನ್ನೊಂದು ದಿನ ಬರೆಯಿತು. ಅದೂ ಓವರ್‌ಲೇ ಒಳಗೆ. ರೀಬೂಟ್ ಆದಾಗ ಹನ್ನೊಂದು ದಿನವೂ ಹೋಯಿತು. ಈಗ ಮೊದಲ ಸಾಲಿನಲ್ಲೇ ಮೌಂಟ್‌ಪಾಯಿಂಟ್ ಪರೀಕ್ಷೆ. ಮೌಂಟ್ ಆಗಿಲ್ಲದಿದ್ದರೆ ಏನೂ ಬರೆಯದೆ ಬಝರ್ ಕೂಗುತ್ತದೆ.

ಗಡಿಯಾರದ ಕಾಟ ಇದಕ್ಕಿಂತ ಜಾಸ್ತಿ. ಪೈ 3ರಲ್ಲಿ ಗಡಿಯಾರದ ಚಿಪ್ ಇಲ್ಲ, ಹೊತ್ತೆಷ್ಟು ಅಂತ ಇಂಟರ್ನೆಟ್ಟಿನಿಂದ ಕೇಳಿಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮೂರ ಫೈಬರ್ ಎರಡು ಮೂರು ದಿನ ಸತ್ತಿರುತ್ತದೆ. ಆಗ ಪೈ ಎದ್ದರೆ ತಾನು ಮಲಗಿದ ಹೊತ್ತನ್ನೇ ಈಗಿನ ಹೊತ್ತು ಅಂದುಕೊಳ್ಳುತ್ತದೆ. ಮಂಗಳವಾರದ ಲೆಕ್ಕ ಸೋಮವಾರದ ಫೈಲಿಗೆ ಸೇರಿ, ಆ ಸೋಮವಾರ ನಾವು 19 ಯೂನಿಟ್ ಬಳಸಿದ್ದೇವೆ ಅಂತ ತೋರಿಸಿತು. ನೂರೈವತ್ತು ರೂಪಾಯಿಯ ಡಿಎಸ್3231 ಗಡಿಯಾರ ಹಾಕಿದ ಮೇಲೆ ಸರಿಯಾಯಿತು. ಅದರಲ್ಲಿ ಚಾರ್ಜ್ ಆಗದ ಸಾದಾ ಸೆಲ್ ಹಾಕುವವರು ಮಾಡ್ಯೂಲಿನ ಚಾರ್ಜಿಂಗ್ ರೆಸಿಸ್ಟರ್ ಮೊದಲು ಕಿತ್ತುಬಿಡಿ.

ಮಾಡ್ಯೂಲುಗಳಿಗೆ ಅಡ್ರೆಸ್ ಕೊಡುವಾಗ ಮೂರನ್ನೂ ಒಂದೇ ತಂತಿಗೆ ಕಟ್ಟಿ ಕಮಾಂಡ್ ಕಳಿಸಿದೆ. ಮೂರಕ್ಕೂ ಒಂದೇ ಅಡ್ರೆಸ್ ಬಂತು. ಒಂದೊಂದೇ ಕಟ್ಟಿ ಕೊಡಬೇಕು. ಗೊತ್ತಿದ್ದೂ ಅವಸರ ಮಾಡಿದೆ. ಆಮೇಲೆ ಸ್ಕ್ರಿಪ್ಟ್ ಓದುತ್ತಿರುವಾಗಲೇ ನಾನು ಕೈಯಿಂದ ‘ಈಗ’ ಒತ್ತಿದರೆ ಎರಡೂ ಉತ್ತರ ಕಲಸಿ ಸಿಆರ್‌ಸಿ (ಉತ್ತರ ಸರಿಯಿದೆಯಾ ಅಂತ ತಾಳೆ ನೋಡುವ ಅಂಕಿ) ತಪ್ಪು ಬರುತ್ತಿತ್ತು. ಒಂದು ಸಲಕ್ಕೆ ಒಬ್ಬರೇ ಓದುವ ಹಾಗೆ ಎಫ್‌ಲಾಕ್ ಹಾಕಿದೆ, ಒಂದು ಸಾಲಿನ ಕೆಲಸ.

ಉತ್ತರವೇ ಬಾರದಿದ್ದಾಗ ಪೋರ್ಟ್ ಕೆಟ್ಟಿತು ಅಂದುಕೊಂಡು ನನ್ನ ಸ್ಕ್ರಿಪ್ಟ್ ತನ್ನನ್ನೇ ತಾನು ರೀಸ್ಟಾರ್ಟ್ ಮಾಡಿಕೊಳ್ಳುತ್ತಿತ್ತು. ತಿಂಗಳಾದ ಮೇಲೆ ತಲೆಗೆ ಹೊಳೆಯಿತು. ಮಾಡ್ಯೂಲಿನ ಅಳೆಯುವ ಭಾಗ ನಡೆಯುವುದೇ ಮೇನ್ ಕರೆಂಟಿನಿಂದ. ಉತ್ತರ ಇಲ್ಲ ಅಂದರೆ ಕರೆಂಟ್ ಇಲ್ಲ! ದೋಷ ಅಂದುಕೊಂಡದ್ದೇ ಪುಕ್ಕಟೆ ಸೆನ್ಸರ್ ಆಯಿತು. ಪೈ ಈಗ ನಡೆಯುವುದು ಹಳೆಯ ಯುಪಿಎಸ್ ಬ್ಯಾಟರಿಯಿಂದ, ಹತ್ತು ಗಂಟೆ ಆರಾಮಾಗಿ ಎಳೆಯುತ್ತದೆ. ಎಂಟು ಗಂಟೆ ಉತ್ತರ ಬಾರದಿದ್ದರೆ ‘ಬರೆ’, ಆಮೇಲೆ ‘ಮಲಗು’. ಮಲಗಿದ್ದನ್ನು ಕರೆಂಟ್ ಬಂದಾಗ ಎಬ್ಬಿಸುವುದು ಹೇಗೆ ಅಂತ ಕೇಳಬೇಡಿ. ಅರವತ್ತು ರೂಪಾಯಿಯ ಒಂದು ರಿಲೇ ಇದೆ ಅಂತ ಮಾತ್ರ ಹೇಳುತ್ತೇನೆ. ಅದಕ್ಕೆ ನಾನು ಮೂರು ವಾರ ನಿದ್ದೆಗೆಟ್ಟಿದ್ದೇನೆ, ನೀವೂ ಸ್ವಲ್ಪ ಕೆಡಿ.

ಇನ್ನು ಕನ್ನಡದ ವಿಷಯ. ನನ್ನದು ಇನ್ವರ್ಟರ್ ರಿಪೇರಿ ಕೆಲಸ. ಯಲ್ಲಾಪುರ, ಸಿದ್ದಾಪುರ, ಕುಮಟಾ ಅಂತ ತಿರುಗುತ್ತಿರುತ್ತೇನೆ. ದೇವಿಮನೆ ಘಟ್ಟದಲ್ಲಿ ಬೈಕ್ ನಿಲ್ಲಿಸಿ ಆಯಿಗೆ, ಅಂದರೆ ಅಮ್ಮನಿಗೆ, ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳಿಕೊಟ್ಟ ದಿನಗಳಿವೆ. “ತಮಾ, ಡಬ್ಬಿ ಕೂಗ್ತಾ ಇದ್ದು, ಎಂತ ಮಾಡವು?” ಅನ್ನುತ್ತಿದ್ದಳು. ಅಡ್ಡಗೆರೆ, ಓರೆಗೆರೆ ಅಂತ ನಾನು, ಯಾವ ಗೆರೆ ಅಂತ ಅವಳು. ಆಯಿಗೆ ವಾಟ್ಸಾಪ್‌ನಲ್ಲಿ ಕನ್ನಡ ಬರೆಯಲು ಬರುತ್ತದೆ. ಪೈಯನ್ನು ನಡೆಸುವ ಲಿನಕ್ಸಿಗೆ ಫೈಲಿನ ಹೆಸರು ಯಾವ ಭಾಷೆಯದ್ದಾದರೂ ಒಂದೇ, ಬರೀ ಬೈಟುಗಳು. ಮತ್ತೆ ಯಾಕೆ ಇಂಗ್ಲಿಷ್?

ಮೊದಲ ದಿನ ‘ಬಿಲ್’ ಅಂತ ಹೆಸರಿಟ್ಟೆ. ನನ್ನ ಲ್ಯಾಪ್‌ಟಾಪಿನಿಂದ ಓಡಿತು. ಆಯಿಯ ಮೊಬೈಲಿನಿಂದ ಒತ್ತಿದರೆ ಅಂಥ ಕಮಾಂಡೇ ಇಲ್ಲ ಅಂದಿತು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಒಂದು ಗಂಟೆ ತಲೆ ಕೆರೆದುಕೊಂಡು ಕೊನೆಗೆ ಬೈಟುಗಳನ್ನು ಬಿಡಿಸಿ ತೋರಿಸುವ ಹೆಕ್ಸ್‌ಡಂಪ್ ಹಾಕಿದೆ. ಕೊನೆಯಲ್ಲಿ ಇ2 80 8ಸಿ ಅಂತ ಮೂರು ಬೈಟು ಕೂತಿತ್ತು. ಅದೇ ನಮ್ಮ ಹಳೇ ಶನಿ, ಅರ್ಧಾಕ್ಷರವನ್ನು ಬಿಡಿಸಿಡುವ ಕಣ್ಣಿಗೆ ಕಾಣದ ಅಕ್ಷರ. ಅವಳ ಕೀಬೋರ್ಡ್ ಪದದ ತುದಿಗೆ ಅದನ್ನು ತಾನೇ ಅಂಟಿಸುತ್ತದೆ.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ. ಹೆಸರಿನ ಕೊನೆಗೆ ಅರ್ಧಾಕ್ಷರ ಬೇಡ. ನಡುವೆ ಒತ್ತಕ್ಷರವೂ ಬೇಡ, ಯಾಕೆಂದರೆ ಟರ್ಮಿನಲ್‌ನಲ್ಲಿ ಒತ್ತು ಕಿತ್ತುಕೊಂಡು ಪಕ್ಕದ ಮನೆಗೆ ಹೋಗುತ್ತದೆ. ‘ರಾತ್ರಿ’ ಅಂತಿದ್ದದ್ದು ‘ಇರುಳು’ ಆಯಿತು. ‘ಬಿಲ್’ ಹೋಗಿ ‘ಬಿಲು’ ಬಂತು. ಈಗ, ದಿನ, ಇರುಳು, ಬಿಲು, ಪಂಪು, ಬರೆ, ಏಳು, ಮಲಗು. ಎಂಟೇ. ಇದರ ಮೇಲೆ ಎರಡು ಕಾವಲು. ಒಂದು, ಕಮಾಂಡ್ ಸಿಗದಿದ್ದಾಗ ಬ್ಯಾಶ್ (ಒತ್ತಿದ ಕಮಾಂಡನ್ನು ಓಡಿಸುವ ಪ್ರೋಗ್ರಾಮ್) ಕರೆಯುವ ಫಂಕ್ಷನ್ ಇದೆಯಲ್ಲ, ಅದರಲ್ಲಿ ಕಾಣದ ಅಕ್ಷರಗಳನ್ನು ಅಕ್ಷರ ತಿದ್ದುವ ಸೆಡ್ ಕಮಾಂಡಿನಿಂದ ತೆಗೆದು ಇನ್ನೊಮ್ಮೆ ಓಡಿಸುತ್ತೇನೆ. ಎರಡು, ಬಿಲ್, ಬಿಲ್ಲು, ಬೀಲು ಎಲ್ಲವೂ ‘ಬಿಲು’ಗೇ ಸಿಮ್‌ಲಿಂಕ್. ಅಪ್ಪಯ್ಯ ‘ಪಮ್ಪು’ ಅಂತ ಬರೆಯುತ್ತಾನೆ, ಅದಕ್ಕೂ ಒಂದು ಲಿಂಕ್. ತಪ್ಪು ಬರೆದಾಗಲೆಲ್ಲ ನಾನು ಒಂದು ಲಿಂಕ್ ಸೇರಿಸುತ್ತೇನೆ. ಈಗ ಇಪ್ಪತ್ತರ ಮೇಲಾಗಿದೆ.

ಉತ್ತರವೂ ಕನ್ನಡದಲ್ಲೇ, ಒಂದೇ ಸಾಲು. ಕಾಲಮ್ ಮಾಡಲು ಹೋಗಿ ಸೋತೆ. ಪೈಯಲ್ಲಿ ಬರುವ ಆಕ್‌ನ ತಳಿ ಮಾಕ್, ಅದು ಅಕ್ಷರ ಎಣಿಸುವುದಿಲ್ಲ, ಬೈಟ್ ಎಣಿಸುತ್ತದೆ. ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟು. ಕಾಲಮ್ ಹಾವಿನ ಹಾಗೆ ಹರಿಯುತ್ತದೆ. ಬಿಟ್ಟೆ. ‘ಬಿಲು’ ಒತ್ತಿದರೆ ಹೀಗೆ ಬರುತ್ತದೆ:

23 ದಿನ, 142 ಆತು. ಹೀಗೇ ಹೋದರೆ 185. ಮೇಲಿನ 20ಕ್ಕೆ ದುಡ್ಡು.

‘ಆತು’ ಅಂತ ನಮ್ಮ ಮನೆ ಮಾತಿನಲ್ಲೇ ಬರಲಿ ಅಂದವಳು ಆಯಿ. 190 ದಾಟುವ ಲಕ್ಷಣ ಇದ್ದರೆ ಕೊನೆಗೆ ‘ಜೋಪಾನ’ ಅಂತ ಸೇರುತ್ತದೆ. ಬಿಲ್ಲಿನ ತಿಂಗಳು ಒಂದನೇ ತಾರೀಖಿಗೆ ಶುರುವಾಗುವುದಿಲ್ಲ, ಮೀಟರ್ ಓದಿದ ದಿನದಿಂದ ಶುರು. ಆ ದಿನ ಅಪ್ಪಯ್ಯ ಮೀಟರಿನ ಅಂಕಿಯನ್ನು ‘ಬಿಲು’ ಮುಂದೆ ಬರೆದು ಒತ್ತುತ್ತಾನೆ, ಎಣಿಕೆ ಹೊಸದಾಗುತ್ತದೆ. ಆ ನೆಪದಲ್ಲಿ ನನ್ನ ಲೆಕ್ಕಕ್ಕೂ ಮೀಟರಿಗೂ ತಾಳೆ ನೋಡಿದ ಹಾಗಾಯಿತು. ಸಾಮಾನ್ಯವಾಗಿ ಎರಡು ಪರ್ಸೆಂಟ್ ಒಳಗೆ ಇರುತ್ತದೆ. ಒಮ್ಮೆ ಎಂಟು ಪರ್ಸೆಂಟ್ ಕಡಿಮೆ ಬಂತು. ನೋಡಿದರೆ ಸಿಟಿಯ (ತಂತಿಯ ಸುತ್ತ ಕಚ್ಚುವ ಸೆನ್ಸರಿನ) ಬಾಯಿ ಸರಿಯಾಗಿ ಮುಚ್ಚಿರಲಿಲ್ಲ. ಒಳಗೆ ಒಂದು ಇರುವೆ ಒಣಗಿ ಕೂತಿತ್ತು.

ಸುಲಿಯುವ ಯಂತ್ರದ ಮಾಡ್ಯೂಲ್ ಬರೀ ನನ್ನ ಕುತೂಹಲಕ್ಕೆ. ಕೊಯ್ಲಿನಲ್ಲಿ ಬಿಲ್ ಏರಿಸುವುದು ಅದೇ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದರು, ನಾನೂ ಸೇರಿ. ಮೂರು ಕ್ವಿಂಟಾಲ್ ಹಸಿ ಅಡಿಕೆ ಸುಲಿದ ದಿನ ನೋಡಿದೆ. ಎರಡು ಯೂನಿಟ್ ಚಿಲ್ಲರೆ, ಅಷ್ಟೇ. ಏರಿಸುತ್ತಿದ್ದುದು ಬಾವಿ ಪಂಪು. ಒಂದು ಬೆಳಿಗ್ಗೆ ‘ಇರುಳು’ ನೋಡಿದರೆ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಎರಡೆರಡು ಗಂಟೆಗೊಮ್ಮೆ ಏಳು ನಿಮಿಷ ಒಂದು ಕಿಲೋವ್ಯಾಟ್. ರಾತ್ರಿ ಮೂರಕ್ಕೆ ನೀರು ಬಳಸುವವರು ಯಾರು? ಕೊಟ್ಟಿಗೆಗೆ ಹೋಗುವ ಪೈಪು ಮಣ್ಣಿನೊಳಗೆ ಒಡೆದಿತ್ತು. ಟ್ಯಾಂಕ್ ಇಳಿದಂತೆಲ್ಲ ಆಟೊಮ್ಯಾಟಿಕ್ ಸ್ವಿಚ್ ಪಂಪ್ ಎಬ್ಬಿಸುತ್ತಿತ್ತು. ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ ನಲವತ್ತರ ಮೇಲೆ. ಎಂಬತ್ತು ರೂಪಾಯಿಯ ಜಾಯಿಂಟ್ ಹಾಕಿದೆ. ಆಮೇಲಿನ ಕೊಯ್ಲಿನಲ್ಲಿ 200 ದಾಟಲಿಲ್ಲ.

ಮೇನ್ ಲೈನಿನ ಒಂದೇ ಅಂಕಿಯಿಂದ ಫ್ರಿಜ್ ಯಾವುದು, ಗ್ರೈಂಡರ್ ಯಾವುದು ಅಂತ ಬಿಡಿಸುವ ಹದಿನಾಲ್ಕು ಸಾಲಿನ ಆಕ್ ಕೂಡ ಇದೆ. ವ್ಯಾಟ್ ಒಂದನ್ನೇ ನೋಡಿದರೆ ಆಗುವುದಿಲ್ಲ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ನೋಡಿ. ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಕುಮಟಾದ ಭಾವನ ಮನೆಯ ಸೋಲಾರಿಗೂ ಇದೇ ಮಾಡ್ಯೂಲ್ ಹಾಕಿ ನೋಡಿದೆ. ಅದು ಒಳಗೆ ಬಂದ ಕರೆಂಟು, ಹೊರಗೆ ಹೋದ ಕರೆಂಟು ಅಂತ ಭೇದ ಮಾಡುವುದಿಲ್ಲ. ಮಧ್ಯಾಹ್ನ ಹೊರಗೆ ಕಳಿಸಿದ್ದನ್ನೂ ಬಳಸಿದ್ದು ಅಂತಲೇ ಕೂಡಿಸಿತು. ಭಾವ ಗಾಬರಿಯಾದ. ಬಿಚ್ಚಿಕೊಂಡು ಬಂದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಪೈ ಎರಡೂವರೆ ಸಾವಿರ, ಮಾಡ್ಯೂಲು ಮೂರಕ್ಕೆ ಎರಡು ಸಾವಿರದ ಏಳುನೂರು. ಏಪ್ರಿಲ್‌ನ ಸಿಡಿಲಿಗೆ ಸುಟ್ಟ ಇನ್ನೊಂದಕ್ಕೆ ಒಂಬೈನೂರು. ಸತ್ತ ಕಾರ್ಡುಗಳು, ಪೆನ್‌ಡ್ರೈವ್, ಗಡಿಯಾರ, ಸಣ್ಣಪುಟ್ಟದ್ದು ಸೇರಿ ಎಂಟೂವರೆ ಸಾವಿರದ ಒಳಗೆ. ಬ್ಯಾಟರಿ ಗುಜರಿಗೆ ಹೋಗಬೇಕಾದದ್ದು, ಅದಕ್ಕೆ ಬೆಲೆ ಹಾಕಿಲ್ಲ. ಉಳಿದದ್ದು ಇನ್ನೂ ಅಷ್ಟಾಗಿಲ್ಲ, ಐದಾರು ಸಾವಿರ ಇರಬಹುದು. ಹೆಂಡತಿಗೆ ನಾನು ಹೇಳಿರುವ ಅಂಕಿ ಸ್ವಲ್ಪ ಬೇರೆ.

ಹೋದ ತಿಂಗಳು ‘ಇರುಳು’ ಒಂದು ವಾರ ಖಾಲಿ ಬಂತು. ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಆರರವರೆಗೆ ಒಂದು ಸಾಲೂ ಇಲ್ಲ. ಬ್ಯಾಟರಿ ನೋಡಿದೆ, ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಬದಲಾಯಿಸಿದೆ, ರಿಲೇ ಬಿಚ್ಚಿ ಜೋಡಿಸಿದೆ. ಎಂಟನೇ ದಿನ ಊಟ ಮಾಡುತ್ತಾ ಆಯಿಯ ಹತ್ತಿರ ಕೇಳಿದೆ. ಹಗಲಿಡೀ ಎಣಿಸ್ತು, ರಾತ್ರಿ ಆದ್ರೂ ಮಲಗ್ಲಿ ಹೇಳಿ ದಿನಾ ತಾನೇ ‘ಮಲಗು’ ಒತ್ತುತ್ತಿದ್ದೆ, ಬೆಳಿಗ್ಗೆ ಸ್ವಿಚ್ ಆರಿಸಿ ಹಾಕುತ್ತಿದ್ದೆ ಅಂದಳು. ಈಗ ‘ಮಲಗು’ ಒತ್ತಿದರೆ, ಕರೆಂಟ್ ಇದ್ದಾಗ, “ಯಂಗೆ ನಿದ್ದೆ ಬತ್ತಿಲ್ಲೆ” ಅಂತ ಬರುತ್ತದೆ.