ಮುಟ್ಟಿದರೆ ಬೈಯದ ಮನೆ: ಸಿಡ್ನಿಯ ಎಲಿಜಬೆತ್ ಫಾರ್ಮ್ ನೋಡುವ ಬಗೆ

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಹೇಳಿದವಳು ನಾನು. ಪ್ರತಿ ಡಿಸೆಂಬರ್ ಪ್ರವಾಸದಲ್ಲಿ ಯಾವುದಾದರೂ ಒಂದು ಮ್ಯೂಸಿಯಂ ಇದ್ದೇ ಇರುತ್ತಿತ್ತು. ಅಲ್ಲಿ ನನ್ನ ಕೆಲಸ ಒಂದೇ, "ಮುಟ್ಟಬೇಡ್ರೋ" ಅಂತ ಕೂಗುವುದು. ಹಾಗಾಗಿ ಸಿಡ್ನಿಗೆ ಮಗಳ ಮನೆಗೆ ಬಂದು, ಹಳೇ ಮನೆಯನ್ನೇ ಮ್ಯೂಸಿಯಂ ಮಾಡಿರುವ ಎಲಿಜಬೆತ್ ಫಾರ್ಮ್‌ನ ಒಳಗೆ ಕಾಲಿಟ್ಟಾಗ ನನ್ನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು. ಏಳು ವರ್ಷದ ಮೊಮ್ಮಗ ಸೀದಾ ಹೋಗಿ ಹಳೇ ಕಾಲದ ಕುರ್ಚಿಯಲ್ಲಿ ಕೂತುಬಿಟ್ಟ. "ಏಯ್, ಇಳಿಯೋ!" ಅಂದೆ. ಅಲ್ಲಿದ್ದ ಹೆಂಗಸು ನಕ್ಕು, ಪಕ್ಕದ ಕುರ್ಚಿಯನ್ನು ನನಗೆ ತೋರಿಸಿದರು.

ಈ ಮನೆಯ ವಿಶೇಷ ಇದೇ. ಹಗ್ಗ ಕಟ್ಟಿ ತಡೆದಿರುವುದಿಲ್ಲ, ಗಾಜಿನ ಪೆಟ್ಟಿಗೆ ಇಲ್ಲ. ಕುರ್ಚಿಯಲ್ಲಿ ಕೂರಬಹುದು, ಡ್ರಾಯರ್ ಎಳೆದು ನೋಡಬಹುದು, ಕೋಣೆಯಿಂದ ಕೋಣೆಗೆ ಸುಮ್ನೆ ಓಡಾಡಬಹುದು. ಕಾರಣವೂ ಸರಳ. ಈ ಮನೆ ಕಟ್ಟಿಸಿದ ಮೆಕಾರ್ಥರ್ ಕುಟುಂಬ 1881ರಲ್ಲಿ ಇದನ್ನು ಮಾರಿತು. ಅವರ ಸಾಮಾನು ಮನೆಯಲ್ಲಿ ಉಳಿಯಲಿಲ್ಲ. ಈಗ ಇರುವ ಮೇಜು, ಕುರ್ಚಿ, ಪರದೆಗಳೆಲ್ಲ ಹಳೆಯದನ್ನು ನೋಡಿ ಮಾಡಿಸಿದ ನಕಲು. ನಿಜವಾದ ಹಳೇ ಸರಕು ಅಂದರೆ ಮನೆಯೇ. 1793ರಲ್ಲಿ ಕಟ್ಟಲು ಶುರುವಾದ ಇಟ್ಟಿಗೆ ಮನೆ, ಆಸ್ಟ್ರೇಲಿಯಾದಲ್ಲಿ ಉಳಿದಿರುವ ಯುರೋಪಿಯನ್ನರ ಮನೆಗಳಲ್ಲೆಲ್ಲ ಹಳೆಯದು.

ಹೋಗುವುದು ಕಷ್ಟವಿಲ್ಲ. ವಿಳಾಸ ರೋಸ್‌ಹಿಲ್‌ನ ಆಲಿಸ್ ಸ್ಟ್ರೀಟ್. ಹ್ಯಾರಿಸ್ ಪಾರ್ಕ್ ರೈಲು ನಿಲ್ದಾಣದಲ್ಲಿ ಇಳಿದರೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. ಹ್ಯಾರಿಸ್ ಪಾರ್ಕ್ ಅಂದರೆ ಗೊತ್ತಲ್ಲ, ಇಲ್ಲಿಯವರು ಲಿಟಲ್ ಇಂಡಿಯಾ ಅಂತ ಕರೆಯುವ ಜಾಗ. ದೋಸೆ ತಿನ್ನೋಕೆ ವಿಗ್ರಾಮ್ ಸ್ಟ್ರೀಟಿಗೆ ಪ್ರತಿ ವಾರ ಬರುವ ನಮ್ಮವರು ಎಷ್ಟೋ ಜನ. ಆದರೆ ಒಂದು ಕಿಲೋಮೀಟರ್ ಆಚೆ ಇಂಥ ಮನೆ ಇದೆ ಅಂತ ನನ್ನ ಮಗಳಿಗೇ ಆರು ವರ್ಷ ಗೊತ್ತಿರಲಿಲ್ಲ!

ಒಂದು ಎಚ್ಚರಿಕೆ. ಇದು ವಾರದ ಎಲ್ಲಾ ದಿನ ತೆರೆದಿರುವುದಿಲ್ಲ. ಮೊದಲ ಸಲ ನಾನು ಮಂಗಳವಾರ ಹೋಗಿ ಗೇಟು ನೋಡಿಕೊಂಡು ವಾಪಸ್ ಬಂದೆ. ತಪ್ಪು ನನ್ನದೇ. ವಾರಾಂತ್ಯದಲ್ಲಿ ಹೋಗಿ, ಹೊರಡುವ ಮೊದಲು ವೆಬ್‌ಸೈಟಿನಲ್ಲಿ ಸಮಯ ನೋಡಿಕೊಳ್ಳಿ. ಬೆಳಿಗ್ಗೆ ತೆರೆಯುತ್ತಲೇ ಹೋದರೆ ಒಳ್ಳೆಯದು. ಜನವರಿಯಲ್ಲಿ ಸಿಡ್ನಿಯ ಪಶ್ಚಿಮ ಭಾಗದ ಬಿಸಿಲು ನಮ್ಮ ಚಳ್ಳಕೆರೆ ಬಿಸಿಲಿಗೇನೂ ಕಮ್ಮಿ ಇಲ್ಲ. ಟೋಪಿ, ನೀರು ಇರಲಿ.

ಬಂದ ಕೂಡಲೇ ಒಳಗೆ ನುಗ್ಗಬೇಡಿ. ಮೊದಲು ಹೊರಗಿನ ಜಗಲಿಯಲ್ಲಿ ಕೂರಿ. ಇಳಿಜಾರು ಮಾಡು ತಗ್ಗಾಗಿ ಬಂದು ಜಗಲಿಯ ಮೇಲೆ ನೆರಳು ಹಾಸಿದೆ, ಉಪ್ಪರಿಗೆ ಇಲ್ಲದ ಉದ್ದನೆಯ ಮನೆ. ನೋಡಿದ ಕೂಡಲೇ ನನಗೆ ನಮ್ಮ ಕಡೆಯ ಹಳೇ ಟ್ರಾವೆಲರ್ಸ್ ಬಂಗಲೆ ನೆನಪಾಯಿತು. ವೆರಾಂಡಾ ಅನ್ನುವ ಪದ ಇಂಗ್ಲಿಷಿಗೆ ಹೋಗಿದ್ದೇ ಇಂಡಿಯಾದಿಂದ. ಬಿಸಿಲ ನಾಡಿನಲ್ಲಿ ಮನೆ ಹೇಗೆ ಕಟ್ಟಬೇಕು ಅನ್ನುವುದನ್ನು ಇಂಗ್ಲಿಷರು ಇಂಗ್ಲೆಂಡಿನಲ್ಲಿ ಕಲಿಯೋಕೆ ಆಗುತ್ತಿರಲಿಲ್ಲ, ಅಲ್ವಾ?

ಮಕ್ಕಳು ಜೊತೆಗಿದ್ದರೆ ಈ ಜಗಲಿಯಲ್ಲಿಯೇ ಕುರಿ ಕಥೆ ಹೇಳಿ. ನಾನು ಹೇಳಿದ್ದು ಹೀಗೆ. ಜಾನ್ ಮೆಕಾರ್ಥರ್ ಅನ್ನುವ ಸೈನ್ಯದ ಅಧಿಕಾರಿ 1790ರಲ್ಲಿ ಹೆಂಡತಿ ಎಲಿಜಬೆತ್ ಮತ್ತು ಮಗುವಿನ ಜೊತೆ ಹಡಗಿನಲ್ಲಿ ಇಲ್ಲಿಗೆ ಬಂದ. 1793ರಲ್ಲಿ ಅವನಿಗೆ ನೂರು ಎಕರೆ ಸಿಕ್ಕಿತು. ಆಮೇಲೆ ಕಲ್ಕತ್ತಾದಿಂದ ಬಂದಿದ್ದ ಅರವತ್ತು ಬಂಗಾಳದ ಹೆಣ್ಣು ಕುರಿಗಳನ್ನು ಕೊಂಡುಕೊಂಡ. ಅವುಗಳ ಮೈಮೇಲೆ ಉಣ್ಣೆ ಇರಲಿಲ್ಲ, ಬರೀ ಕೂದಲು. ಐರ್ಲೆಂಡಿನ ಕುರಿಗಳ ಜೊತೆ ಸೇರಿಸಿದಾಗ ಹುಟ್ಟಿದ ಮರಿಗಳಲ್ಲಿ ಕೂದಲೂ ಉಣ್ಣೆಯೂ ಬೆರೆತು ಬಂತು. ಅಲ್ಲಿ ಅವನ ತಲೆ ಓಡಿತು. 1797ರಲ್ಲಿ ಕೇಪ್ ಆಫ್ ಗುಡ್ ಹೋಪ್‌ನಿಂದ ನಯವಾದ ಉಣ್ಣೆಯ ಮೆರಿನೋ ಕುರಿಗಳು ಬಂದಾಗ ಅವನೂ ಕೆಲವನ್ನು ತೆಗೆದುಕೊಂಡ. ಮುಂದೆ ಅದೇ ದೇಶದ ದೊಡ್ಡ ವ್ಯಾಪಾರವಾಯಿತು. 1966ರಲ್ಲಿ ಬಂದ ಎರಡು ಡಾಲರ್ ನೋಟಿನ ಮೇಲೆ ಅವನ ಮುಖವೂ ಕುರಿಯ ಚಿತ್ರವೂ ಇದ್ದವು.

ನಮ್ಮೂರ ಕಂಬಳಿಯ ತುಂಡೊಂದನ್ನು ನಾನು ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ಮಗಳ ಮೆರಿನೋ ಸ್ವೆಟರ್ ಒಂದು ಕೈಯಲ್ಲಿ, ಚಳ್ಳಕೆರೆ ಕಂಬಳಿ ಇನ್ನೊಂದು ಕೈಯಲ್ಲಿ ಕೊಟ್ಟು ಮೊಮ್ಮಗನಿಗೆ ಕಣ್ಣು ಮುಚ್ಚಿ ಉಜ್ಜಲು ಹೇಳಿದೆ. "ಇದು ಚುಚ್ಚುತ್ತೆ ಅಜ್ಜಿ" ಅಂದ. ಚುಚ್ಚುತ್ತೆ ಕಣೋ, ಆದರೆ ಸೋನೆ ಮಳೆಯಲ್ಲಿ ಹೊದ್ದುಕೊಂಡು ನಿಲ್ಲೋಕೆ ಅದೇ ಆಗಬೇಕು ಅಂದೆ. ನಿಮ್ಮ ಮನೆಯಲ್ಲಿ ಕಂಬಳಿ ಇದ್ದರೆ ಒಂದು ತುಂಡು ತನ್ನಿ.

ಇನ್ನು ಒಳಗೆ. ಇಲ್ಲಿ ಜನ ಮಾಡುವ ತಪ್ಪು ಒಂದೇ, ಬೇಗ ಬೇಗ ನಡೆದು ಮುಗಿಸುವುದು. ಚಿಕ್ಕ ಮನೆ, ಹದಿನೈದು ನಿಮಿಷಕ್ಕೆ ಸುತ್ತಿ ಬರಬಹುದು, ಆಮೇಲೆ "ಇಷ್ಟೇನಾ?" ಅನ್ನಿಸುತ್ತದೆ. ಪ್ರತಿ ಕೋಣೆಯಲ್ಲಿ ಒಮ್ಮೆ ಕೂರಿ. ಊಟದ ಮೇಜಿನ ಮುಂದೆ ಕೂತರೆ ಕಿಟಕಿಯಿಂದ ಏನು ಕಾಣುತ್ತೆ, ಬೆಂಕಿಗೂಡಿನ ಪಕ್ಕ ಕೂತರೆ ಬೆಳಕು ಎಲ್ಲಿಂದ ಬರುತ್ತೆ, ನೋಡಿ. ಬಾಗಿಲು ಗೋಡೆಗಳು ಒಂದೇ ಅಳತೆಯಲ್ಲಿ ಇಲ್ಲದ್ದು ಆಗ ಗೊತ್ತಾಗುತ್ತದೆ. ಜಾನ್ ಮೊದಲು ಕಟ್ಟಿಸಿದ್ದು 68 ಅಡಿ ಉದ್ದ, 18 ಅಡಿ ಅಗಲದ ಮನೆ. 1820ರ ದಶಕದ ಕೊನೆಗೆ ಅದನ್ನೇ ಒಡೆದು, ಸೇರಿಸಿ, ದೊಡ್ಡದು ಮಾಡಿಸಿದ. ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಗುತ್ತೆ ಅಂತ ಹುಡುಕುವುದು ದೊಡ್ಡವರಿಗೆ ಒಳ್ಳೆಯ ಆಟ. ಸಿಗದಿದ್ದರೆ ಅಲ್ಲಿರುವವರನ್ನು ಕೇಳಿ, ಖುಷಿಯಿಂದ ತೋರಿಸುತ್ತಾರೆ. ಏನನ್ನಾದರೂ ಮುಟ್ಟಬಹುದೋ ಬೇಡವೋ ಅನ್ನುವ ಅನುಮಾನ ಬಂದರೂ ಅವರನ್ನೇ ಕೇಳಿ. ಮುಟ್ಟಬಹುದು ಅಂದರೆ ಮಂಚದ ಮೇಲೆ ಕುಣಿಯಬಹುದು ಅಂತಲ್ಲ.

ಹೆಸರು ಎಲಿಜಬೆತ್ ಫಾರ್ಮ್ ಆದರೂ ಕಥೆಯಲ್ಲಿ ಜಾನ್ ಜಾಸ್ತಿ ಸದ್ದು ಮಾಡುತ್ತಾನೆ. ಮಹಾ ಜಗಳಗಂಟ. ತನ್ನ ಮೇಲಧಿಕಾರಿಯ ಜೊತೆ ದ್ವಂದ್ವಯುದ್ಧ ಮಾಡಿ ಗುಂಡು ಹೊಡೆದ, 1801ರಲ್ಲಿ ಇಂಗ್ಲೆಂಡಿಗೆ ಕಳಿಸಿದರು. ವಾಪಸ್ ಬಂದು 1808ರಲ್ಲಿ ಗವರ್ನರ್ ಬ್ಲೈ ಅವರನ್ನು ಕೆಳಗಿಳಿಸಿದ ದಂಗೆಯಲ್ಲಿ ಸೇರಿಕೊಂಡ, ಮತ್ತೆ 1809ರಿಂದ 1817ರವರೆಗೆ ದೇಶದ ಹೊರಗೆ. ಎರಡೂ ಸಲ ಸೇರಿಸಿದರೆ ಹತ್ತಿರ ಹತ್ತಿರ ಹನ್ನೆರಡು ವರ್ಷ. ಅಷ್ಟೂ ಕಾಲ ಮಕ್ಕಳು, ಕುರಿ, ಕೂಲಿ, ಲೆಕ್ಕ ಎಲ್ಲಾ ನೋಡಿಕೊಂಡವಳು ಎಲಿಜಬೆತ್. ಇಂಗ್ಲೆಂಡಿನ ಡೆವನ್ ಹಳ್ಳಿಯಿಂದ ಬಂದ ಹೆಂಗಸು. ಬಂದ ಹೊಸದರಲ್ಲಿ ನಕ್ಷತ್ರ ಶಾಸ್ತ್ರ ಕಲಿಯೋಕೆ ಹೋಗಿ, ತಲೆಗೆ ಹತ್ತದೆ ಗಿಡಮರಗಳ ಪಾಠಕ್ಕೆ ಬದಲಾಯಿಸಿಕೊಂಡಳು. ಮೊದಲ ಹಡಗುಗಳ ಜೊತೆ ಬಂದಿದ್ದ ಡಾಕ್ಟರ್ ವೊರ್ಗನ್ 1791ರಲ್ಲಿ ಊರಿಗೆ ಹೊರಟಾಗ ತನ್ನ ಪಿಯಾನೋವನ್ನು ಅವಳಿಗೇ ಬಿಟ್ಟುಹೋದ. ಕೊನೆಗೆ 1832ರ ಹೊತ್ತಿಗೆ ಜಾನ್‌ಗೆ ಬುದ್ಧಿ ಕೆಟ್ಟಿತು, 1834ರಲ್ಲಿ ತೀರಿಕೊಂಡ. ಎಲಿಜಬೆತ್ 1850ರವರೆಗೆ ಬದುಕಿದಳು. ಗಂಡ ದುಬೈಗೋ ಮಿಲಿಟರಿಗೋ ಹೋಗಿ, ಮನೆ ತೋಟ ಎಲ್ಲ ಒಬ್ಬಳೇ ನಿಭಾಯಿಸಿದ ಹೆಂಗಸರನ್ನು ನಮ್ಮಲ್ಲೂ ನೋಡಿದ್ದೇವಲ್ಲ. ಅವಳ ಕೋಣೆಯಲ್ಲಿ ನಾನು ಸುಮಾರು ಹೊತ್ತು ಕೂತಿದ್ದೆ.

ಅಡುಗೆಮನೆಗೆ ಹೋಗದೆ ಬರಬೇಡಿ. ದೊಡ್ಡ ಒಲೆಗೂಡಿನ ಮುಂದೆ ನಿಂತು ಅಲ್ಲಿ ದುಡಿದವರು ಯಾರು ಅಂತ ಮಕ್ಕಳನ್ನು ಕೇಳಿ. ಈ ಹೊಲ, ಈ ಒಲೆ ನಡೆಸಿದ್ದು ಇಂಗ್ಲೆಂಡಿನಿಂದ ಶಿಕ್ಷೆಯಾಗಿ ಇಲ್ಲಿಗೆ ಸಾಗಿಸಿದ ಕೈದಿಗಳು. ಮತ್ತೆ ಈ ನೆಲ? ಅದು ಇಲ್ಲಿನ ಮೂಲನಿವಾಸಿಗಳಾದ ದಾರುಗ್ ಜನರ ಬುರ್ರಮಟ್ಟಗಲ್ ಕುಲದ್ದು. ಈ ಪ್ರದೇಶದ ಪ್ಯಾರಮಟ್ಟಾ ಅನ್ನುವ ಹೆಸರೇ ಅವರ ಮಾತಿನಿಂದ ಬಂದಿದ್ದು, ಹಾವುಮೀನು ಮಲಗುವ ಜಾಗ ಅಂತ ಅರ್ಥ. ನೂರು ಎಕರೆ "ಸಿಕ್ಕಿತು" ಅಂತ ನಾನು ಮೇಲೆ ಸಲೀಸಾಗಿ ಬರೆದೆನಲ್ಲ, ಅವರನ್ನು ಯಾರೂ ಕೇಳಿರಲಿಲ್ಲ. ಇಂಗ್ಲಿಷರ ವಿರುದ್ಧ ಹೋರಾಡಿದ ಮೂಲನಿವಾಸಿ ಪೆಮುಲ್ವುಯ್ 1797ರಲ್ಲಿ ಇದೇ ಪ್ಯಾರಮಟ್ಟಾದ ಕದನದಲ್ಲಿ ಗುಂಡೇಟು ತಿಂದ. ಸಂಗೊಳ್ಳಿ ರಾಯಣ್ಣನ ಕಥೆ ಗೊತ್ತಿರುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ತೋಟ. ಅಲ್ಲೊಂದು ಹಳೇ ಆಲಿವ್ ಮರ ಇದೆ, 1805ರಲ್ಲಿ ನೆಟ್ಟಿದ್ದು ಅಂತ ಹೇಳುತ್ತಾರೆ. ಅದರ ಬುಡ ನೋಡಿದರೆ ನಂಬಬಹುದು. ಮಕ್ಕಳು ಓಡಾಡಲಿ, ನೀವು ಕಾಲು ಚಾಚಿ. ಈ ಮನೆ ಉಳಿದಿದ್ದಕ್ಕೆ ಇನ್ನೊಂದು ಕುಟುಂಬವನ್ನೂ ನೆನೆಯಬೇಕು. 1904ರಲ್ಲಿ ಇದನ್ನು ಕೊಂಡ ಸ್ವಾನ್ ಕುಟುಂಬದವರು 1968ರವರೆಗೆ ಇಲ್ಲಿದ್ದರು. ಮ್ಯೂಸಿಯಂ ಆಗಿ ಬಾಗಿಲು ತೆರೆದಿದ್ದು 1984ರಲ್ಲಿ.

ವಯಸ್ಸಾದವರ ಜೊತೆ ಹೋಗುವವರಿಗೆ ಒಂದು ಮಾತು. ಮಂಡಿ ನೋವಿನ ನನಗೆ ಈ ಮನೆ ಇಷ್ಟವಾಗಲು ಅರ್ಧ ಕಾರಣ ಕೂರೋಕೆ ಬಿಟ್ಟಿದ್ದು. ಬೇರೆ ಮ್ಯೂಸಿಯಂಗಳಲ್ಲಿ ಬೆಂಚು ಹುಡುಕುವುದರಲ್ಲೇ ದಿನ ಹೋಗುತ್ತೆ. ಬೀಗರು ಬಂದಾಗ, ಅಪ್ಪ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದು ಮನೆಯಲ್ಲಿ ಬೇಜಾರಾಗಿ ಕೂತಾಗ, ಒಪೆರಾ ಹೌಸ್ ತೋರಿಸಿದ ಮೇಲೆ ಇಲ್ಲಿಗೆ ಕರೆದುಕೊಂಡು ಬನ್ನಿ. ಇಂಗ್ಲಿಷ್ ಬರದಿದ್ದರೂ ಒಲೆ, ಜಗಲಿ, ಮಂಚ ಅವರಿಗೆ ಅರ್ಥವಾಗುತ್ತವೆ.

ಇನ್ನೂ ಶಕ್ತಿ ಇದ್ದರೆ ಹತ್ತಿರದಲ್ಲೇ ಎರಡು ಹಳೇ ಮನೆಗಳಿವೆ. ಹ್ಯಾಂಬಲ್ಡನ್ ಕಾಟೇಜ್ ಮೆಕಾರ್ಥರ್‌ನೇ 1820ರ ದಶಕದಲ್ಲಿ ಕಟ್ಟಿಸಿದ್ದು, ಮಕ್ಕಳಿಗೆ ಪಾಠ ಹೇಳಿದ ಪೆನೆಲೋಪಿ ಲೂಕಸ್ ಅಲ್ಲಿದ್ದರು. ಎಕ್ಸ್‌ಪೆರಿಮೆಂಟ್ ಫಾರ್ಮ್ ಜೇಮ್ಸ್ ರೂಸ್ ಅನ್ನುವ ಮಾಜಿ ಕೈದಿ ಮೂವತ್ತು ಎಕರೆಯಲ್ಲಿ ಬೆಳೆ ತೆಗೆದು ತೋರಿಸಿದ ಜಾಗ. ಈ ಮನೆಗಳನ್ನು ನೋಡಿಕೊಳ್ಳುವವರು ಬೇರೆ ಬೇರೆ, ತೆರೆಯುವ ದಿನವೂ ಬೇರೆ ಬೇರೆ. ಅಲ್ಲಿ ಮುಟ್ಟುವ ಮೊದಲು ಕೇಳಿ. ನನ್ನ ಮೊಮ್ಮಗ ಎಕ್ಸ್‌ಪೆರಿಮೆಂಟ್ ಫಾರ್ಮ್‌ನಲ್ಲೂ ಕುರ್ಚಿ ಕಡೆ ಓಡಿದ. ಕೈ ಹಿಡಿದು ನಿಲ್ಲಿಸೋಕೆ ಹಳೇ ಮೇಷ್ಟ್ರು ಮತ್ತೆ ಎದ್ದು ಬರಬೇಕಾಯಿತು.