ಕಳೆ ಮಷಿನ್ ಎಂಜಿನ್ ಮತ್ತೆ ಬಿಚ್ಚಬೇಕೇ? ಹಗ್ಗ ಎಳೆಯುವ ಮೊದಲೇ ತೀರ್ಮಾನಿಸಿ

ಅಡಿಕೆ ಕೊಯ್ಲಿಗೆ ಮುಂಚೆ ತೋಟ ಹಸನು ಮಾಡುವ ಹೊತ್ತಿಗೇ ತೀರ್ಥಹಳ್ಳಿ, ಹೊಸನಗರದ ಕಡೆ ಕಳೆ ಮಷಿನ್‌ಗಳು ಒಂದರ ಹಿಂದೊಂದು ಕೈಕೊಡುತ್ತವೆ. ರಿಪೇರಿ ಅಂಗಡಿಯಲ್ಲಿ ಸರದಿ ಸಿಗುವುದಿಲ್ಲ. ಹಾಗಾಗಿ ಅನೇಕರು ಬೋರ್-ಪಿಸ್ಟನ್ ಕಿಟ್ (ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್) ತಂದು ಮನೆಯಲ್ಲೇ ಹಾಕಿಕೊಳ್ಳುತ್ತಾರೆ. ಟೂ ಸ್ಟ್ರೋಕ್ ಎಂಜಿನ್, ಮಾಡಬಹುದಾದ ಕೆಲಸವೇ. ಎಡವಟ್ಟಾಗುವುದು ಆಮೇಲೆ. ಎಲ್ಲ ಬಿಗಿದಾದ ಮೇಲೆ ‘ಪಿಸ್ಟನ್ ತಿರುಗಾಮುರುಗಾ ಆಯಿತೇನೋ’ ಎಂಬ ಅನುಮಾನ ಹುಟ್ಟುತ್ತದೆ. ಮತ್ತೆ ಬಿಚ್ಚಲು ಬೇಜಾರು. ‘ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ’ ಎಂದು ಹಗ್ಗ ಎಳೆಯುತ್ತಾರೆ, ಹೊಸ ಬೋರಿಗೆ ಗೀರು ಬೀಳುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಪ್ಲಗ್ ಬಿಚ್ಚಿ ಪಕ್ಕಕ್ಕಿಡಿ. ಸ್ಟಾರ್ಟರ್ ಕವರ್ ಕೂಡ ತೆಗೆಯಿರಿ.

ಎರಡನೆಯದು ಸೈಲೆನ್ಸರ್. ಅವಸರ ಮಾಡಬೇಡಿ, ಇಡೀ ತೀರ್ಮಾನ ನಿಂತಿರುವುದು ಇಲ್ಲೇ. ಸೈಲೆನ್ಸರ್ ಬಿಚ್ಚಿದರೆ ಹೊಗೆ ಹೊರಬರುವ ಕಿಂಡಿ ಕಾಣುತ್ತದೆ. ಅದಕ್ಕೆ ಟಾರ್ಚ್ ಬಿಟ್ಟು, ಸ್ಟಾರ್ಟರ್ ಕವರ್ ಹಿಂದಿನ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಅದರ ಸುತ್ತ ತೊಡಿಸಿರುವ ರಿಂಗುಗಳು ಕಿಂಡಿಯನ್ನು ದಾಟುತ್ತವೆ. ರಿಂಗ್ ಕಿಂಡಿಯ ನಡುವೆ ಬಂದಾಗ ನಿಲ್ಲಿಸಿ, ಬಿದಿರಿನ ಸಣ್ಣ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋಗಿ ತಟ್ಟನೆ ಪುಟಿದು ಬರಬೇಕು. ಅಲುಗಾಡದಿದ್ದರೆ, ಇಲ್ಲವೇ ಸಡಿಲವಾಗಿ ಜೋತರೆ, ಸಿಲಿಂಡರ್ ಇಳಿಸುವಾಗಲೇ ರಿಂಗ್ ಮುರಿದಿರಬಹುದು. ಬಿಚ್ಚಲೇಬೇಕು.

ಈಗ ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿ ಸೇರುವ ಜಾಗ ನೋಡಿ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನೊಳಗೆ ಒಂದು ಪುಟ್ಟ ಪಿನ್ ಇದೆ. ರಿಂಗ್ ಸುತ್ತದಂತೆ ಹಿಡಿದುಕೊಳ್ಳುವುದು ಅದೇ. ಹಾಗೆ ಹಿಡಿದಿದ್ದರೆ ಮಾತ್ರ ರಿಂಗಿನ ತುದಿಗಳು ಸದಾ ಗಟ್ಟಿ ಗೋಡೆಯ ಮೇಲೆ ಓಡಾಡುತ್ತವೆ. ಪಿಸ್ಟನ್ ತಿರುಗಿ ಕೂತಿದ್ದರೆ ಆ ತುದಿಗಳು ಕಿಂಡಿಯ ಎದುರಿಗೆ ಬಂದು, ಹೊರಚಾಚಿ, ಅಂಚಿಗೆ ಸಿಕ್ಕಿ ಮುರಿಯುತ್ತವೆ. ಆದ್ದರಿಂದ ಸೈಲೆನ್ಸರ್ ಕಿಂಡಿಯಲ್ಲಿ ರಿಂಗಿನ ಬಾಯಿ ಕಂಡಿತೋ, ಮುಂದೆ ಯೋಚಿಸುವುದೇ ಬೇಡ, ಬಿಚ್ಚಿ. ಇನ್ನೂ ಖಾತ್ರಿ ಬೇಕಿದ್ದರೆ ಪ್ಲಗ್ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ತಲೆಯ ಮೇಲಿನ ಬಾಣ ಹುಡುಕಿ. ಅದು ಸೈಲೆನ್ಸರ್ ಕಡೆ ಮುಖ ಮಾಡಿರಬೇಕು. ಬಾಣದ ಗುರುತೇ ಇಲ್ಲದ ಅಗ್ಗದ ಕಿಟ್‌ಗಳನ್ನು ದಯವಿಟ್ಟು ಕೊಳ್ಳಬೇಡಿ.

ಕಿಂಡಿಯಿಂದ ಕಾಣದೇ ಇರುವುದು ಪಿಸ್ಟನ್ ಪಿನ್ನಿನ ಲಾಕ್, ಅಂದರೆ ಪಿಸ್ಟನ್ನನ್ನು ರಾಡಿಗೆ ಜೋಡಿಸುವ ದಪ್ಪ ಪಿನ್ ಸರಿಯದಂತೆ ತಡೆಯುವ ತಂತಿ ಉಂಗುರ. ಅದರ ಬಾಯಿ ಮೇಲಕ್ಕೋ ಕೆಳಕ್ಕೋ ಇರಬೇಕು, ಅಡ್ಡಕ್ಕಲ್ಲ. ತನ್ನ ತೋಡಿನಲ್ಲಿ ‘ಟಿಕ್’ ಎಂದು ಕೂತಿರಬೇಕು. ಕೂತದ್ದು ನೆನಪಿಲ್ಲವೇ? ಹಳೆಯ ಲಾಕನ್ನೇ ಮತ್ತೆ ಹಾಕಿದಿರೇ? ಹಾಗಿದ್ದರೆ ಬಿಚ್ಚಿ. ಲಾಕ್ ಹಾರಿದರೆ ಪಿನ್ ಸರಿದು ಬೋರನ್ನು ಉದ್ದಕ್ಕೂ ಸೀಳುತ್ತದೆ. ಹೊಸ ಲಾಕ್, ಗ್ಯಾಸ್ಕೆಟ್ (ಸಿಲಿಂಡರ್ ಕೂರುವಲ್ಲಿ ಸೋರದಂತೆ ಹಾಕುವ ತೆಳು ಹಾಳೆ) ಎರಡೂ ಸೇರಿ ಆಳಿನ ಒಂದು ದಿನದ ಕೂಲಿಯೂ ಆಗುವುದಿಲ್ಲ.

ಅನುಮಾನ ಗ್ಯಾಸ್ಕೆಟ್ ಅಥವಾ ಆಯಿಲ್ ಸೀಲಿನ (ಕ್ರ್ಯಾಂಕ್ ಶಾಫ್ಟಿನ ಸುತ್ತ ಸೋರದಂತೆ ಹಾಕುವ ರಬ್ಬರ್ ಬಳೆ) ಮೇಲಿದ್ದರೆ ಬಿಚ್ಚುವ ಮೊದಲು ಗಾಳಿ ಪರೀಕ್ಷೆ ಮಾಡಿ. ಕಾರ್ಬೊರೇಟರ್ ಬಾಯಿ, ಸೈಲೆನ್ಸರ್ ಬಾಯಿ ಎರಡಕ್ಕೂ ಹಳೆ ಟ್ಯೂಬಿನ ರಬ್ಬರ್ ಕೊಟ್ಟು ಬಿಗಿಯಿರಿ. ಪಿಸ್ಟನ್ ಪೂರ್ತಿ ಕೆಳಗಿಳಿಸಿ, ಪ್ಲಗ್ ತೂತಿನಿಂದ ಮೀಟರ್ ಇರುವ ಕೈಪಂಪಿನಲ್ಲಿ 7 ಪಿಎಸ್‌ಐ ಗಾಳಿ ತುಂಬಿ. ಅರ್ಧ ನಿಮಿಷ ಮುಳ್ಳು ಇಳಿಯಬಾರದು. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡವೇ ಬೇಡ, ಸೀಲೇ ಕಿತ್ತು ಬರುತ್ತದೆ. ಸೋರಿಕೆಯನ್ನು ಸಣ್ಣದೆಂದು ಬಿಡಬೇಡಿ: ಹೊರಗಿನ ಗಾಳಿ ಒಳಸೇರಿದರೆ ಪೆಟ್ರೋಲ್, ಆಯಿಲ್ ಎರಡರ ಪಾಲೂ ಕಡಿಮೆಯಾಗಿ ಎಂಜಿನ್ ಕಾದು ಜಾಮ್ ಆಗುತ್ತದೆ. ಸೋರುವಲ್ಲಿ ಹೊರಗಿನಿಂದ ಸಿಲಿಕೋನ್ ಪೇಸ್ಟ್ ಮೆತ್ತುವವರಿದ್ದಾರೆ. ನಾನಂತೂ ಟೂ ಸ್ಟ್ರೋಕ್ ಎಂಜಿನ್ನಿಗೆ ಆ ಪೇಸ್ಟನ್ನು ಮುಟ್ಟಿಸುವುದಿಲ್ಲ. ಒಳಗೆ ಹಿಂಡಿದ ಪೇಸ್ಟ್ ಕಿತ್ತು ಬಂದು ಬೇರಿಂಗ್ ಸೇರುತ್ತದೆ.

ಎಲ್ಲ ಸರಿಯಿದ್ದು ಸ್ಟಾರ್ಟ್ ಮಾಡಿದ ಮೇಲೆ, ಮೊದಲ ಕೆಲವು ನಿಮಿಷ ಹೊಗೆ ಜಾಸ್ತಿ ಬಂತು, ಐಡಲ್ ಸ್ವಲ್ಪ ಏರುಪೇರಾಯಿತು ಎಂದು ಬಿಚ್ಚಬೇಡಿ. ಜೋಡಿಸುವಾಗ ಹಚ್ಚಿದ ಆಯಿಲ್ ಉರಿಯಲಿ, ಐಡಲ್ ಸ್ಕ್ರೂ ಹೊಂದಿಸಿ. ಆದರೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ ಗಾಳಿ ಪರೀಕ್ಷೆಗೆ ಬನ್ನಿ.

ಬಿಚ್ಚುವುದೆಂದು ತೀರ್ಮಾನವಾದರೆ ಗ್ಯಾಸ್ಕೆಟ್, ಲಾಕ್ ಹೊಸದು ತಂದಿಟ್ಟುಕೊಂಡೇ ಕೈ ಹಾಕಿ. ಸಿಲಿಂಡರ್ ಎತ್ತಿದ ಕೂಡಲೇ ಕ್ರ್ಯಾಂಕ್ ಬಾಯಿಗೆ, ಅಂದರೆ ಸಿಲಿಂಡರ್ ಕೂತಿದ್ದ ತೆರೆದ ಜಾಗಕ್ಕೆ, ಶುಭ್ರ ಬಟ್ಟೆ ತುರುಕಿ, ಚಿಮ್ಮಿದ ಲಾಕ್ ಒಳಗೆ ಬೀಳದಿರಲಿ. ಸಿಲಿಂಡರ್ ವಾಪಸ್ ಇಳಿಸುವ ಮುನ್ನ ಆ ಬಟ್ಟೆ ತೆಗೆಯುವುದನ್ನು ಮರೆಯಬೇಡಿ. ಬೋರಿನ ಒಳಗೆ ಎಮರಿ ಪೇಪರ್ ಉಜ್ಜಬಾರದು. ಇಂಥ ಬಹುಪಾಲು ಬೋರುಗಳಿಗೆ ತೆಳ್ಳನೆಯ ಗಟ್ಟಿ ಲೇಪನ ಇರುತ್ತದೆ, ಅದು ಹೋದರೆ ಬೋರೂ ಹೋದಂತೆ.