ಬೆನ್ನುಮೂಳೆಯ ಡೆಕ್ಸಾ ವರದಿಯನ್ನು ಓದುವ ಕ್ರಮ

ಮಡಿಕೇರಿ, ವಿರಾಜಪೇಟೆ ಕಡೆಯಿಂದ ಮೈಸೂರಿಗೆ ಹೋಗಿ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಂಡು ಬರುವ ಹಿರಿಯರಲ್ಲಿ ಅನೇಕರು ಆರೋಗ್ಯವಂತ ಯುವ ವಯಸ್ಕರ ಸರಾಸರಿಗಿಂತ ಮೂಳೆಯ ಸಾಂದ್ರತೆ ಎಷ್ಟು ಹೆಚ್ಚು ಕಡಿಮೆಯಿದೆಯೆಂದು ಹೇಳುವ ಟಿ-ಸ್ಕೋರ್ ಎಂಬ ಒಂದೇ ಅಂಕಿಯನ್ನು ನೋಡಿ ವರದಿಯನ್ನು ಮಡಚಿಡುತ್ತಾರೆ. ಅದು -2.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆಸ್ಟಿಯೋಪೊರೋಸಿಸ್ (ಮೂಳೆ ಸವೆದು ಸುಲಭವಾಗಿ ಮುರಿಯುವ ಸ್ಥಿತಿ) ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಮುಟ್ಟು ನಿಂತ ಮಹಿಳೆಯರಿಗಾಗಿ ಒಪ್ಪಿದ ಅಳತೆ. ಆದರೆ ಬೆನ್ನುಮೂಳೆಯ ಮಟ್ಟಿಗೆ ಈ ಅಂಕಿ, ಅದರಲ್ಲೂ ಅರವತ್ತೈದು ದಾಟಿದವರಲ್ಲಿ, ಮೂಳೆಯನ್ನು ಇದ್ದುದಕ್ಕಿಂತ ಗಟ್ಟಿಯಾಗಿ ತೋರಿಸಿಬಿಡುವುದುಂಟು.

ಎರಡು ಶಕ್ತಿಮಟ್ಟದ ಎಕ್ಸ್-ರೇ ಕಿರಣಗಳು ದೇಹವನ್ನು ಹಾದುಹೋಗುವಾಗ ಎಷ್ಟು ಹೀರಲ್ಪಟ್ಟವೆಂಬುದರಿಂದ ಯಂತ್ರವು ಮಾಂಸಖಂಡದ ಪಾಲನ್ನು ಕಳೆದು, ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಖನಿಜವಿದೆಯೆಂದು ಲೆಕ್ಕ ಹಾಕುತ್ತದೆ. ಕಿರಣದ ದಾರಿಯಲ್ಲಿ ಸಿಕ್ಕ ಕ್ಯಾಲ್ಸಿಯಂ ಎಲ್ಲವೂ ಮೂಳೆಯ ಲೆಕ್ಕಕ್ಕೇ ಸೇರುತ್ತದೆ: ಕೀಲು ಸವೆದು ಬೆಳೆದ ಮೂಳೆಮುಳ್ಳುಗಳು, ಗಡಸಾದ ಮಹಾಪಧಮನಿಯ ಗೋಡೆ, ಹೊಟ್ಟೆಯಲ್ಲಿ ಕರಗದೆ ಉಳಿದ ಮಾತ್ರೆ. ಕುಸಿದ ಕಶೇರುಕದ (ಬೆನ್ನುಮೂಳೆಯ ಒಂದೊಂದು ಬಿಡಿ ಮೂಳೆಯ) ಸಂಗತಿ ಇನ್ನೂ ವಿಚಿತ್ರ. ಅಷ್ಟೇ ಖನಿಜ ಚಿಕ್ಕ ಜಾಗದಲ್ಲಿ ಒತ್ತಿಕೊಂಡಿರುವುದರಿಂದ, ಮುರಿದ ಮೂಳೆಯೇ ಹೆಚ್ಚು ಸಾಂದ್ರವೆಂದು ದಾಖಲಾಗುತ್ತದೆ.

ಆದ್ದರಿಂದ ಸ್ಕ್ಯಾನಿನ ಹಿಂದಿನ 24 ಗಂಟೆ ಕ್ಯಾಲ್ಸಿಯಂ ಮಾತ್ರೆಯನ್ನು ನಿಲ್ಲಿಸಬೇಕು. ಇತ್ತೀಚೆಗೆ ಬೇರಿಯಂ ಕುಡಿಸಿ ಅಥವಾ ಕಾಂಟ್ರಾಸ್ಟ್ ಕೊಟ್ಟು ಪರೀಕ್ಷೆ ಮಾಡಿದ್ದರೆ ಮೊದಲೇ ತಿಳಿಸಿ ದಿನಾಂಕ ಮುಂದೂಡಬೇಕು. ಕೊಡವ ರೀತಿಯಲ್ಲಿ ಸೀರೆ ಉಟ್ಟವರ ನೆರಿಗೆ ಹಿಂದೆ, ಸರಿಯಾಗಿ ಅಳೆಯುವ ಜಾಗದ ಬಳಿಯೇ ಬರುತ್ತದೆ. ಆಸ್ಪತ್ರೆಯ ಗೌನ್ ಕೇಳಿ ಉಡುವುದೇ ಲೇಸು. ಮಲಗಿಸಿದಾಗ ಕಾಲುಗಳನ್ನು ಚೌಕದ ದಿಂಬಿನ ಮೇಲೆ ಎತ್ತಿಡುವುದು ಸೊಂಟದ ಬಾಗನ್ನು ಸಮಗೊಳಿಸಲು.

ವರದಿ ಬಂದ ಮೇಲೆ ಮೊದಲು ಚಿತ್ರವನ್ನು, ನಂತರ ಸೊಂಟದ ಭಾಗದ ಮೇಲಿನ ನಾಲ್ಕು ಕಶೇರುಕಗಳಾದ ಎಲ್1ರಿಂದ ಎಲ್4ರವರೆಗಿನ ನಾಲ್ಕು ಸಾಲುಗಳನ್ನು ನೋಡಬೇಕು. ಉದಾಹರಣೆಗೆ ಟಿ-ಸ್ಕೋರ್ ಕ್ರಮವಾಗಿ -2.6, -2.4, -0.9, -0.3 ಎಂದಿದ್ದರೆ ಒಟ್ಟು ಅಂಕಿ -1.5ರ ಆಸುಪಾಸಿಗೆ ಬಂದು ನೆಮ್ಮದಿ ಕೊಡುತ್ತದೆ. ಆದರೆ ಪಕ್ಕದ ಕಶೇರುಕಕ್ಕಿಂತ 1.0ಕ್ಕೂ ಹೆಚ್ಚು ವ್ಯತ್ಯಾಸವಿರುವುದನ್ನು ಕೈಬಿಡಬಹುದು. ಇಲ್ಲಿ ಎಲ್2ಕ್ಕಿಂತ 1.0ಕ್ಕೂ ಹೆಚ್ಚು ಮೇಲಿರುವ ಕೆಳಗಿನ ಎರಡನ್ನು ಬಿಟ್ಟರೆ ಉಳಿಯುವುದು -2.5. ಕನಿಷ್ಠ ಎರಡಾದರೂ ಉಳಿಯದಿದ್ದರೆ ಬೆನ್ನಿನ ಅಳತೆಯನ್ನೇ ಬದಿಗಿಟ್ಟು ತೊಡೆಮೂಳೆಯ ಮೇಲ್ತುದಿಯನ್ನು, ಅದೂ ಆಗದಿದ್ದರೆ ಮುಂಗೈಯನ್ನು ಆಧರಿಸಬೇಕು. ಶಿಬಿರಗಳಲ್ಲಿ ಹಿಮ್ಮಡಿಗೆ ಮಾಡುವ ಅಲ್ಟ್ರಾಸೌಂಡಿನ ಟಿ-ಸ್ಕೋರನ್ನು ಇದರೊಡನೆ ಹೋಲಿಸಲೇಬಾರದು.

ಎರಡನೆಯ ಸ್ಕ್ಯಾನ್ ಅದೇ ಯಂತ್ರದಲ್ಲಿ ಆಗಲಿ, ಮತ್ತು ಟಿ-ಸ್ಕೋರಿನ ಬದಲು ಸಾಂದ್ರತೆಯ ಗ್ರಾಂ ಅಂಕಿಗಳನ್ನು ಹೋಲಿಸಲಿ. 0.840 ಇದ್ದದ್ದು 0.860 ಆದರೆ ಏರಿಕೆ ಸುಮಾರು 2.4 ಶೇಕಡಾ, ಬೆನ್ನಿನಲ್ಲಿ 5 ಶೇಕಡಾದಷ್ಟು ಏರುಪೇರು ಮಲಗಿಸಿದ ಭಂಗಿಯಿಂದಲೂ ಬರಬಹುದಾದ್ದರಿಂದ, ಔಷಧಿ ಫಲಿಸಿತೆಂದು ಅದರಿಂದ ಹೇಳಲಾಗದು. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಹೆಚ್ಚು ಕುಗ್ಗಿದವರು ಅಂಕಿ ಎಷ್ಟೇ ಚೆನ್ನಾಗಿದ್ದರೂ ಬೆನ್ನಿನ ಪಕ್ಕದ ನೋಟದ ಎಕ್ಸ್-ರೇ ಬೇಕೇ ಎಂದು ವೈದ್ಯರನ್ನು ಕೇಳಬೇಕು.